ಅಪ್ಪ ಅಮ್ಮನಿಗೂ ಆಗಬೇಕು, ಮುಂದೆ ನಮಗೂ ಆಗಬೇಕು: ಇಂಥ ಮನೆಯ ನಕ್ಷೆ ಹೇಗಿರಬೇಕು?

ಮೂಲೆಸೈಟು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಮನೆ ಕಟ್ಟಿಸಲು ಹೊರಟಿದ್ದೇವೆ. ಅಪ್ಪನಿಗೆ 79, ಅಮ್ಮನಿಗೆ 73. ನನಗೆ 51 ಆಯಿತು, ನಮ್ಮೆಜಮಾನರಿಗೆ 54. ಅಂದರೆ ಈ ಮನೆ ಈಗ ಅಪ್ಪ ಅಮ್ಮನದು, ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ಅವರ ಜಾಗದಲ್ಲಿ ನಾವೇ ಕೂತಿರುತ್ತೇವೆ. ಮತ್ತೆ ಒಡೆದು ಕಟ್ಟುವ ಶಕ್ತಿಯಾಗಲಿ ದುಡ್ಡಾಗಲಿ ನಮ್ಮ ಹತ್ತಿರ ಇಲ್ಲ.

ಅಪ್ಪನಿಗೆ ಮಂಡಿ ನೋವು, ಕೋಲು ಹಿಡಿದು ಓಡಾಡುತ್ತಾರೆ. ಅಮ್ಮ ಚುರುಕಾಗಿದ್ದಾರೆ, ಆದರೆ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಹೋದ ವರ್ಷ ಒಂದು ರಾತ್ರಿ ಅಪ್ಪ ಬಾತ್‌ರೂಮಿನ ಹೊಸ್ತಿಲು ಎಡವಿ ಬಿದ್ದರು. ಮೂಳೆಗೇನೂ ಆಗಲಿಲ್ಲ. ಆದರೆ ಆವತ್ತಿನಿಂದ ಒಳಗೆ ಹೋದರೆ ಬಾಗಿಲು ಪೂರ್ತಿ ಹಾಕುವುದಿಲ್ಲ. ಅಮ್ಮ ಹೊರಗೆ ನಿಂತು ಆಗಾಗ ಕೆಮ್ಮುತ್ತಾ ಇರಬೇಕು, ತಾನು ಅಲ್ಲೇ ಇದ್ದೇನೆ ಅಂತ ಅಪ್ಪನಿಗೆ ಗೊತ್ತಾಗಲಿಕ್ಕೆ. ರಾತ್ರಿ ಎರಡು ಗಂಟೆಗೂ ಇದೇ ಕಥೆ.

ನಕ್ಷೆ ಮಾಡಿಕೊಟ್ಟವರು ಹಾಳೆಯ ಮೇಲೆ ದೊಡ್ಡದಾಗಿ "ಹಿರಿಯರ ಸ್ನೇಹಿ ಹಸಿರು ಮನೆ" ಅಂತ ಬರೆದಿದ್ದಾರೆ. ಒಳಗೆ ನೋಡಿದರೆ ಮುಂಬಾಗಿಲ ಹತ್ತಿರ 2 ಮೀಟರ್ ಉದ್ದದ ಒಂದು ರ‍್ಯಾಂಪು, ಬಾತ್‌ರೂಮಿನಲ್ಲಿ ಎರಡು ಸ್ಟೀಲ್ ಹಿಡಿಕೆ, ಚಾವಣಿ ಮೇಲೆ ಸೋಲಾರ್ ಪ್ಯಾನೆಲ್. ಅಷ್ಟೇ. ಇನ್ನೇನಾದರೂ ಬೇಕಾಗುತ್ತಾ ಅಂತ ಕೇಳಿದರೆ "ಎಲ್ಲ ಬಂದಿದೆ ಮೇಡಂ" ಅಂದರು. ಮನೆಯ ಪಾಯ ಹೊರಗಿನ ನೆಲಕ್ಕಿಂತ 450 ಮಿಮೀ ಎತ್ತರ ಬರುತ್ತದಂತೆ. ಕೆಳಗೆ ಅಪ್ಪ ಅಮ್ಮ, ಮೇಲೆ ನಾವು.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಲಿಫ್ಟ್ ಈಗಲೇ ಹಾಕಿಸಬೇಕಾ? ಅಮ್ಮ "ಆಸ್ಪತ್ರೆ ಥರ ಕಾಣುವ ಮನೆಗೆ ನಾನು ಬರುವುದಿಲ್ಲ" ಅಂತ ಹಟ ಹಿಡಿದಿದ್ದಾರೆ, ಅದಕ್ಕೆ ಏನು ದಾರಿ? ಇನ್ನೊಂದು, ನನ್ನ ತಮ್ಮ "ಹಸಿರು ಪಸಿರು ಎಲ್ಲ ಸುಮ್ನೆ ಶೋಕಿ, ಆ ದುಡ್ಡನ್ನು ಅಪ್ಪನಿಗೆ ಬೇಕಾದ್ದಕ್ಕೆ ಹಾಕು" ಅನ್ನುತ್ತಾನೆ. ಎರಡನ್ನೂ ಮಾಡುವಷ್ಟು ದುಡ್ಡಿಲ್ಲದಿದ್ದರೆ ಯಾವುದು ಮೊದಲು? ಇಂಥ ಮನೆ ಕಟ್ಟಿಸಿದವರು, ಕಟ್ಟಿದವರು, ಇದ್ದು ನೋಡಿದವರು ದಯವಿಟ್ಟು ಹೇಳಿ.

---

ಕರಣೆ_ಮಟ್ಟಗೋಲು ಉತ್ತರ:

ಅಕ್ಕ, ನಾನು 22 ವರ್ಷದಿಂದ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಮೊದಲು ಆ ರ‍್ಯಾಂಪಿನ ಲೆಕ್ಕ ಮಾಡೋಣ. ಗಾಲಿಕುರ್ಚಿಗೆ ಒಪ್ಪುವ ಇಳಿಜಾರು ಅಂದರೆ 12ಕ್ಕೆ 1. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ನಿಮ್ಮ 450 ಮಿಮೀ ಏರಲು 5.4 ಮೀಟರ್ ಬೇಕು. ಮೇಲೊಂದು ಕೆಳಗೊಂದು ಒಂದೂವರೆ ಮೀಟರಿನ ಸಮತಟ್ಟು ಜಾಗ ಬೇರೆ. ಒಟ್ಟು 8.4 ಮೀಟರ್. ನಿಮಗೆ ಕೊಟ್ಟಿರುವುದು 2 ಮೀಟರ್. ಅದು ರ‍್ಯಾಂಪಲ್ಲ, ಜಾರುಬಂಡೆ. ಮಳೆ ಬಂದ ದಿನ ನಿಮ್ಮಪ್ಪ ಅದರ ಮೇಲೆ ಕೋಲೂರಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ ಇದೆ. ಗೇಟಿನಿಂದ ಬಾಗಿಲವರೆಗೆ ಬರುವ ಕಾಲುದಾರಿಯನ್ನೇ ನಿಧಾನಕ್ಕೆ ಏರಿಸಿಕೊಂಡು ಬನ್ನಿ, 20ಕ್ಕೆ 1ರಂತೆ. ಅಷ್ಟು ಉದ್ದ ಸಿಗದಿದ್ದರೆ ಪಕ್ಕದ ಓಣಿ ಕಡೆಯಿಂದ ಸುತ್ತಿಸಿ ತನ್ನಿ. ನೋಡಿದವರಿಗೆ ತೋಟದ ದಾರಿ ಅನ್ನಿಸುತ್ತದೆಯೇ ಹೊರತು ರ‍್ಯಾಂಪು ಅನ್ನಿಸುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮಂಡಿ ನೋವಿನವರು ಇಳಿಜಾರು ಇಳಿಯುವುದಕ್ಕಿಂತ ಗಿಡ್ಡ ಮೆಟ್ಟಿಲು ಇಳಿಯುವುದನ್ನೇ ಇಷ್ಟಪಡುತ್ತಾರೆ. ಹಾಗಾಗಿ ಪಕ್ಕದಲ್ಲೇ 150 ಮಿಮೀ ಎತ್ತರದ ಮೂರು ಮೆಟ್ಟಿಲನ್ನೂ ಕೊಡಿ, ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ ಇರಲಿ. ಯಾವುದರಲ್ಲಿ ಹೋಗಬೇಕು ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಈಗ ದುಡ್ಡಿನ ಮಾತು. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಕಾಂಕ್ರೀಟಿನ ಒಳಗೆ ಹೋಗುವುದನ್ನು ಈಗ ಮಾಡಿ, ಸ್ಕ್ರೂನಲ್ಲಿ ಕೂರುವುದನ್ನು ಆಮೇಲೆ ಮಾಡಿ.

ಬಾತ್‌ರೂಮಿನ ಸ್ಲ್ಯಾಬನ್ನು ಅಕ್ಕಪಕ್ಕದ ನೆಲಕ್ಕಿಂತ ತಗ್ಗಿಸಿ ಹಾಕಿಸಿದರೆ ಮೇಲೆ ಟೈಲ್ಸ್ ಕೂತಾಗ ರೂಮಿನ ನೆಲಕ್ಕೂ ಬಾತ್‌ರೂಮಿನ ನೆಲಕ್ಕೂ ಒಂದೇ ಮಟ್ಟ ಬರುತ್ತದೆ. ಹೊಸ್ತಿಲೇ ಬೇಡ. ನೀರು ಹೊರಗೆ ಬರುತ್ತದೆ ಅಂತ ಎಲ್ಲ ಮೇಸ್ತ್ರಿಗಳೂ ಹೆದರಿಸುತ್ತಾರೆ. ಸ್ನಾನದ ಜಾಗವನ್ನು ಬಾಗಿಲಿನಿಂದ ದೂರದ ಮೂಲೆಗೆ ಹಾಕಿ, ಅಲ್ಲಿ ಉದ್ದ ಜಾಲರಿಯ ಡ್ರೈನ್ ಕೊಟ್ಟು, ನೆಲವನ್ನು ಆ ಕಡೆಗೆ ಮಾತ್ರ ಸ್ವಲ್ಪ ವಾಟ ಮಾಡಿದರೆ ಬರುವುದಿಲ್ಲ. ಇದನ್ನು ಈಗ ಬಿಟ್ಟರೆ ಮುಂದೆ ಸ್ಲ್ಯಾಬ್ ಒಡೆಯದೆ ಆಗುವ ಕೆಲಸವಲ್ಲ.

ಬಾಗಿಲು 900 ಮಿಮೀ ಅಗಲ ಸಿಗಬೇಕು, ಚೌಕಟ್ಟಿನ ಲೆಕ್ಕ ಅಲ್ಲ, ತೆರೆದಾಗ ದಾಟಲು ಸಿಗುವ ಜಾಗ. ಬಾತ್‌ರೂಮಿನ ಬಾಗಿಲು ಒಳಗೆ ತೆರೆಯಲೇಬಾರದು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಹೊರಗಿನವರು ತಳ್ಳಲೂ ಆಗುವುದಿಲ್ಲ. ಹೊರಗೆ ತೆರೆಯಲಿ ಅಥವಾ ಗೋಡೆಗುಂಟ ಸರಿಯಲಿ.

ಹಿಡಿಕೆಯನ್ನು ಈಗಲೇ ಹಾಕಬೇಕಾಗಿಲ್ಲ, ಹಿಡಿಕೆ ಕೂರುವ ಗೋಡೆಯನ್ನು ಈಗ ಮಾಡಬೇಕು. ಇದು ಹೊಸದರಲ್ಲಿ ನಾನೇ ಮಾಡಿದ ತಪ್ಪು. ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಹಿಡಿಕೆ ಕೂರಿಸಿದ್ದೆ. ಮೂರು ತಿಂಗಳಿಗೆ ಆ ಮನೆಯ ಅಜ್ಜಿಯ ಕೈಗೇ ಬಂತು. ಪುಣ್ಯಕ್ಕೆ ಆವಾಗ ಅವರು ಕಮೋಡಿನ ಮೇಲೆ ಕೂತೇ ಇದ್ದರು. ಈಗ ನಾನು ಕಮೋಡಿನ ಸುತ್ತ, ಸ್ನಾನದ ಜಾಗದ ಸುತ್ತ 700ರಿಂದ 1000 ಮಿಮೀ ಎತ್ತರದವರೆಗೆ ಬ್ಲಾಕಿನ ಬದಲು ಕಾಂಕ್ರೀಟ್ ಪಟ್ಟಿ ಹಾಕಿಸುತ್ತೇನೆ. ಟೈಲ್ಸ್ ಮುಚ್ಚುವ ಮೊದಲು ಟೇಪ್ ಇಟ್ಟು ಫೋಟೋ ತೆಗೆದುಕೊಳ್ಳಿ. ಹತ್ತು ವರ್ಷ ಬಿಟ್ಟು ಡ್ರಿಲ್ ಮಾಡುವವನಿಗೆ ಆ ಫೋಟೋ ಬೇಕಾಗುತ್ತದೆ.

ಲಿಫ್ಟಿಗೂ ಇದೇ ಮಾತು. ಕೆಳಗೂ ಮೇಲೂ ಒಂದರ ಮೇಲೊಂದು ಬರುವ ಹಾಗೆ ಒಂದೂವರೆ ಮೀಟರ್ ಚದರದ ಸ್ಟೋರ್ ರೂಮ್ ಮಾಡಿ. ಆ ಜಾಗದ ಸ್ಲ್ಯಾಬಿನ ಸುತ್ತ ನಾಲ್ಕೂ ಕಡೆ ತೊಲೆ ಕೊಟ್ಟು ಬಿಡಲು ಇಂಜಿನಿಯರಿಗೆ ಹೇಳಿ. ಬೇಕಾದ ದಿನ ಆ ತುಂಡು ಸ್ಲ್ಯಾಬ್ ಕತ್ತರಿಸಿ ತೆಗೆದರೆ ಲಿಫ್ಟಿನ ಬಾವಿ ಸಿದ್ಧ. ಅಲ್ಲಿಯವರೆಗೆ ಹಾಸಿಗೆ, ಸೂಟ್‌ಕೇಸ್ ತುಂಬಿಡಿ. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಲೈಫ್‌ಟೈಮ್ ಹೋಮ್ಸ್ ಅಂತ 16 ಅಂಶಗಳ ಒಂದು ಮಾದರಿ ಮಾಡಿದರು. ಅದರಲ್ಲೂ ಹೀಗೇ, ಲಿಫ್ಟ್ ಹಾಕಿ ಅಂತಿಲ್ಲ, ಲಿಫ್ಟಿಗೆ ಜಾಗ ಬಿಡಿ ಅಂತಿದೆ. ಹಿಡಿಕೆ ಹಾಕಿ ಅಂತಿಲ್ಲ, ಗೋಡೆ ಗಟ್ಟಿ ಇರಲಿ ಅಂತಿದೆ.

---

ಹೆಜ್ಜೆ_ಗೆಜ್ಜೆ ಉತ್ತರ:

ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡುವುದೇ ನನ್ನ ಕೆಲಸ. ಮೇಲಿನವರು ಕಟ್ಟಡ ಹೇಳಿದರು, ನಾನು ಮೈ ಹೇಳುತ್ತೇನೆ.

ಬೀಳುವುದನ್ನು ಯಾರೂ ಹಗುರವಾಗಿ ತಗೋಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ 60 ದಾಟಿದವರೇ ಜಾಸ್ತಿ. ಆದರೆ ನಾನು ಹೆಚ್ಚಾಗಿ ನೋಡುವುದು ನಿಮ್ಮ ಅಪ್ಪನಂಥವರನ್ನು. ಒಂದು ಸಲ ಬೀಳುತ್ತಾರೆ, ಏನೂ ಆಗಿರುವುದಿಲ್ಲ. ಆಮೇಲೆ ಹೆದರಿ ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದರೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಮತ್ತೆ ಬೀಳುತ್ತಾರೆ. ನಿಮ್ಮಮ್ಮ ಹೊರಗೆ ನಿಂತು ಕೆಮ್ಮುತ್ತಾರೆ ಅಂದಿರಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಷ್ಟೊಂದು ಮನೆಗಳಲ್ಲಿ ಇದೇ ಕೆಮ್ಮು ಕೇಳಿದ್ದೇನೆ.

ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಒಂದೇ ದಾರಿ: ಹಾಸಿಗೆಯಿಂದ ಕಮೋಡಿಗೆ, ರಾತ್ರಿ ಎರಡು ಗಂಟೆಗೆ, ಅರೆನಿದ್ದೆಯಲ್ಲಿ. ಹಾಸಿಗೆಯಿಂದ ಎದ್ದು ಕೂತರೆ ಬಾತ್‌ರೂಮಿನ ಬಾಗಿಲು ಕಣ್ಣಿಗೆ ಬೀಳಬೇಕು. ನಡುವೆ ತಿರುವು ಇರಬಾರದು. ಉದ್ದಕ್ಕೂ ಕೈ ಊರಲು ಏನಾದರೂ ಸಿಗಬೇಕು, ಗೋಡೆಯಾಗಲಿ ಗಟ್ಟಿ ಕಪಾಟಾಗಲಿ. ಪಾದದ ಎತ್ತರದಲ್ಲಿ ಒಂದು ಮಂದ ಬೆಳಕು, ಕಾಲು ಕೆಳಗಿಟ್ಟ ತಕ್ಷಣ ತಾನೇ ಹತ್ತಿಕೊಳ್ಳುವಂಥದ್ದು. ಚಾವಣಿಯ ದೊಡ್ಡ ದೀಪ ಬೇಡ, ಕಣ್ಣಿಗೆ ಹೊಡೆದು ಅರ್ಧ ನಿಮಿಷ ಏನೂ ಕಾಣುವುದಿಲ್ಲ.

ಬೆಳಕಿನ ಬಗ್ಗೆ ಇನ್ನೊಂದು ಮಾತು. 60ರ ಕಣ್ಣಿನೊಳಗೆ ಹೋಗುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಪಾಪೆ ಚಿಕ್ಕದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ನಿಮಗೆ "ಸಾಕಷ್ಟು ಬೆಳಕಿದೆ" ಅನ್ನಿಸಿದ ರೂಮು ಅಮ್ಮನಿಗೆ ಮುಸ್ಸಂಜೆ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡು ಇರುವ ಬಾತ್‌ರೂಮು ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಪೊರೆ ಬಂದ ಕಣ್ಣಿಗೆ ಕಮೋಡು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಒಬ್ಬರು ಹಿರಿಯರು ಸೀಟು ಇದೆ ಅಂದುಕೊಂಡು ಅರ್ಧ ಅಡಿ ಪಕ್ಕಕ್ಕೆ ಕೂತು ಬಿದ್ದದ್ದನ್ನು ನಾನೇ ನೋಡಿದ್ದೇನೆ. ಕಮೋಡಿನ ಹಿಂದಿನ ಗೋಡೆಗೆ ಗಾಢ ಬಣ್ಣದ ಟೈಲ್ಸ್ ಹಾಕಿ, ಅಥವಾ ಸೀಟಿಗೇ ಬೇರೆ ಬಣ್ಣ ಕೊಡಿ. ಮೆಟ್ಟಿಲಿನ ಅಂಚಿಗೂ ಹಾಗೇ, ಪ್ರತಿ ಮೆಟ್ಟಿಲಿಗೆ ಒಂದು ಗಾಢ ಪಟ್ಟಿ.

ಅಮ್ಮನ ಆಸ್ಪತ್ರೆ ತಕರಾರು ನನಗೆ ನೂರಕ್ಕೆ ನೂರು ಸರಿ ಅನ್ನಿಸುತ್ತದೆ. ತಳತಳ ಸ್ಟೀಲ್ ಹಿಡಿಕೆ ಯಾಕೆ ಬೇಕು? ಟವೆಲ್ ಹಾಕುವ ಸರಳನ್ನೇ ಮೈಭಾರ ತಡೆಯುವ ಹಾಗೆ ಕೂರಿಸಬಹುದು. ವಾಶ್‌ಬೇಸಿನ್ ಪಕ್ಕದ ಕಲ್ಲಿನ ಕಟ್ಟೆಯ ಅಂಚನ್ನು ಗುಂಡಗೆ ಮಾಡಿ ಹಿಡಿಯಲು ಬರುವಂತೆ ಬಿಡಬಹುದು. ಹಿಡಿದು ನಡೆಯುವ ಮರದ ಕಂಬಿ ಮನೆಯೊಳಗಿನ ಓಣಿಯ ಉದ್ದಕ್ಕೂ ಹೋದರೆ ಅದು ಅಲಂಕಾರವೇ. ಗಮನಿಸಬೇಕಾದ್ದು ಎರಡೇ: ದಪ್ಪ 32ರಿಂದ 45 ಮಿಮೀ ಒಳಗಿರಲಿ, ಹೆಬ್ಬೆರಳು ಸುತ್ತಿ ಬರಬೇಕು. ಗೋಡೆಗೂ ಅದಕ್ಕೂ ನಡುವೆ ಸುಮಾರು 40 ಮಿಮೀ ಸಂದು ಇರಲಿ. ಜಾಸ್ತಿ ಬಿಟ್ಟರೆ ತೋಳು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಬೆರಳು ಹೋಗುವುದಿಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಖರ್ಚಿಲ್ಲ. ಎಲ್ಲಾದರೂ ಖಾಲಿ ನೆಲ ಸಿಕ್ಕರೆ ಅಪ್ಪ ಅಮ್ಮನ ರೂಮು, ಬಾತ್‌ರೂಮಿನ ನಕ್ಷೆಯನ್ನು ಸೀಮೆಸುಣ್ಣದಲ್ಲಿ ನಿಜ ಅಳತೆಗೆ ಬರೆಯಿರಿ. ಹಾಸಿಗೆ ಜಾಗದಲ್ಲಿ ಮಂಚ, ಕಮೋಡ್ ಜಾಗದಲ್ಲಿ ಕುರ್ಚಿ ಇಡಿ. ಬಾಗಿಲು ತೆರೆಯುವ ಕಡೆ ಕಮಾನು ಎಳೆಯಿರಿ. ಅವರಿಬ್ಬರನ್ನೂ ನಡೆದಾಡಲು ಬಿಟ್ಟು ನೀವು ಬಾಯಿಗೆ ಬೀಗ ಹಾಕಿಕೊಂಡು ನೋಡಿ.

---

ಅಟ್ಟದಮನೆ ಉತ್ತರ:

ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ, ಆದರೆ ನಾನು ಸ್ವಲ್ಪ ತಣ್ಣೀರು ಎರಚಲೇ?

ನಾವು ಇದೆಲ್ಲ ಮಾಡಿದ್ದೆವು. ಅಗಲದ ಬಾಗಿಲು, ಹೊಸ್ತಿಲಿಲ್ಲದ ನೆಲ, ಹಿಡಿಕೆ, ಲಿಫ್ಟ್ ಕೂಡ. ಮಾವನವರಿಗೆ ಗಲಾಟೆ ಬೇಡ ಅಂತ ಹಿಂದುಗಡೆ ಪ್ರಶಾಂತವಾದ ದೊಡ್ಡ ರೂಮು ಕೊಟ್ಟೆವು. ತೋಟದ ಕಡೆ ಕಿಟಕಿ. ಅವರು ಅಲ್ಲಿ ರಾತ್ರಿ ಮಲಗಿದ್ದು ಬಿಟ್ಟರೆ ಹಗಲೊತ್ತು ಒಂದು ದಿನವೂ ಕೂರಲಿಲ್ಲ. ಬೆಳಿಗ್ಗೆ ಎದ್ದರೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಆ ಮೆಟ್ಟಿಲಿಗೆ ಹಿಡಿಕೆಯೂ ಇಲ್ಲ, ನೆರಳೂ ಇಲ್ಲ, ಯಾಕೆಂದರೆ ಅಲ್ಲಿ ಯಾರಾದರೂ ಕೂರುತ್ತಾರೆ ಅಂತ ನಾವು ಅಂದುಕೊಂಡೇ ಇರಲಿಲ್ಲ. ಹೋಗಿ ಬರುವವರನ್ನು ನೋಡಬೇಕು, ಯಾರಾದರೂ ಏನಾದರೂ ಕೇಳಬೇಕು, ಅವರಿಗೆ ಅದು ಬೇಕಿತ್ತು. ನಾವು ಕೊಟ್ಟದ್ದು ಪ್ರಶಾಂತತೆ.

ಹಾಗಾಗಿ ಅಕ್ಕ, ಅಪ್ಪನ ರೂಮನ್ನು ರಸ್ತೆ ಕಡೆಗೆ ಹಾಕಿ. ಕಿಟಕಿಯ ಕೆಳ ಅಂಚು ನೆಲದಿಂದ 600 ಮಿಮೀ ಮೇಲೆ ಇರಲಿ, ಜಾಸ್ತಿ ಬೇಡ. ಕುರ್ಚಿಯಲ್ಲಿ ಕೂತರೂ, ಮುಂದೆ ಹಾಸಿಗೆಯಲ್ಲೇ ಮಲಗಿರುವ ಕಾಲ ಬಂದರೂ ಹೊರಗೆ ಕಾಣುತ್ತದೆ. ಮುಂಬಾಗಿಲ ಹತ್ತಿರ ನೆರಳಿರುವ ಒಂದು ಜಗಲಿ, ಒರಗಲು ಬೆನ್ನು ಇರಲಿ, ಎದ್ದೇಳುವಾಗ ಊರಲು ಕೈ ಇರಲಿ.

ಇನ್ನು ಲಿಫ್ಟ್. ಹಾಕಿಸಿದ ಕಂಪನಿಯ ಹೆಸರು ಬೇಡ, ಹೇಳಿ ಏನು ಪ್ರಯೋಜನ. ಒಂದು ಸಲ ಕೆಟ್ಟಿತು. ಬಿಡಿಭಾಗ ಬರಲು 11 ದಿನ. ಅಷ್ಟೂ ದಿನ ಅತ್ತೆ ಮೇಲಿನ ಮಹಡಿಯಲ್ಲೇ. ಮನೆಯೊಳಗೆ ಲಿಫ್ಟ್ ಇದೆಯಲ್ಲ ಅಂತ ಅವರ ರೂಮನ್ನು ಮೇಲೆ ಹಾಕಿದ್ದು ನಮ್ಮದೇ ತಪ್ಪು. ಲಿಫ್ಟ್ ಇದ್ದರೂ ಕೆಳಗೊಂದು ಮಲಗುವ ರೂಮು, ಒಂದು ಪೂರ್ತಿ ಬಾತ್‌ರೂಮು ಇರಲೇಬೇಕು. ನಿಮ್ಮ ನಕ್ಷೆಯಲ್ಲಿ ಅದಿದೆ, ಅದಕ್ಕೆ ಖುಷಿ ಪಡಿ. ಲಿಫ್ಟ್ ಈಗ ಬೇಡ.

---

ತಂಗಾಳಿ ಉತ್ತರ:

ತಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಕಟ್ಟಡಗಳ ಬಿಸಿ, ಗಾಳಿ, ಕರೆಂಟಿನ ಲೆಕ್ಕ ನನ್ನ ಕೆಲಸ. ಹಸಿರು ಅಂದರೆ ಸೋಲಾರ್ ಪ್ಯಾನೆಲ್ ಅಂತ ಆದರೆ ತಮ್ಮ ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ಅದು ಪಟ್ಟಿಯ ಕೊನೆಯಲ್ಲಿ ಬರಬೇಕಾದ ವಸ್ತು.

ವಯಸ್ಸಾದ ಮೈ ಸೆಖೆಯನ್ನು ತಡೆಯುವುದು ಕಡಿಮೆ. ಬೆವರು ಕಡಿಮೆ, ಬಾಯಾರಿಕೆ ಗೊತ್ತಾಗುವುದು ಕಡಿಮೆ, ಕೆಲವು ಮಾತ್ರೆಗಳೂ ಮೈಯ ನೀರನ್ನು ಎಳೆಯುತ್ತವೆ. 1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಒಂಟಿಯಾಗಿ, ಮೇಲಿನ ಅಂತಸ್ತಿನಲ್ಲಿ, ಮನೆಯಿಂದ ಹೊರಗೆ ಬಾರದೆ ಇದ್ದವರಿಗೆ ಅಪಾಯ ಜಾಸ್ತಿ ಇತ್ತು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡಿದ್ದವರೂ ಇದ್ದರು. 2003ರ ಆಗಸ್ಟಿನಲ್ಲಿ ಬರೀ ಫ್ರಾನ್ಸಿನಲ್ಲೇ ಸುಮಾರು 15,000 ಜನ, ಬಹುಪಾಲು 75 ದಾಟಿದವರು. ಅವರಲ್ಲಿ ಎಷ್ಟೋ ಜನ ತೀರಿಕೊಂಡದ್ದು ತಮ್ಮದೇ ಮನೆಯೊಳಗೆ. ಇದು ಶೋಕಿಯ ವಿಷಯವಾ ಹೇಳಿ. ಚಳಿ ಪ್ರದೇಶವಾದರೆ ಲೆಕ್ಕ ಉಲ್ಟಾ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ, ವಯಸ್ಸಾದವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ.

ಹಾಗಾಗಿ ಯಂತ್ರ ಇಲ್ಲದೆಯೂ ತಂಪಾಗಿರುವ, ಬೆಚ್ಚಗಿರುವ ಮನೆಯೇ ಅಪ್ಪನಿಗೆ ಬೇಕಾದ ಮನೆ. ಕರೆಂಟು ಹೋದ ದಿನ ಎ.ಸಿ. ಕೈ ಕೊಡುತ್ತದೆ, ಗೋಡೆ ಕೈ ಕೊಡುವುದಿಲ್ಲ. ಅಪ್ಪನ ರೂಮು ಪಡುವಣಕ್ಕೆ ಬಂದರೆ ಸಂಜೆ ಬಿಸಿಲು ಇಳಿಜಾರಾಗಿ ನೇರ ಒಳಗೆ ನುಗ್ಗುತ್ತದೆ, ಮೇಲಿನ ಸಜ್ಜೆ ಅದನ್ನು ತಡೆಯುವುದಿಲ್ಲ. ಆ ಕಡೆ ಸ್ಟೋರು, ಮೆಟ್ಟಿಲು, ಬಾತ್‌ರೂಮು ಹಾಕಿ. ಕಿಟಕಿ ಇರಲೇಬೇಕಾದರೆ ನೆರಳು ಗಾಜಿನ ಹೊರಗೆ ಬೀಳಬೇಕು. ಪರದೆ ಒಳಗೆ ಹಾಕಿದರೆ ಬಿಸಿ ಆಗಲೇ ಒಳಗೆ ಬಂದಾಗಿರುತ್ತದೆ, ಪರದೆ ಅದನ್ನು ಬರೀ ಕಾಣದ ಹಾಗೆ ಮಾಡುತ್ತದೆ. ಎದುರುಬದುರು ಎರಡು ಕಿಟಕಿ ಇರಲಿ. ರಾತ್ರಿ ತೆರೆದಿಟ್ಟರೂ ಭಯವಿಲ್ಲದ ಹಾಗೆ ಸರಳು, ಸೊಳ್ಳೆ ಜಾಲರಿ ಇರಲಿ. ಚಿಲಕ 900ರಿಂದ 1100 ಮಿಮೀ ಎತ್ತರದಲ್ಲಿರಲಿ. ಕೈ ಎತ್ತಲಾಗದವರು ತೆರೆಯಲಾಗದ ಕಿಟಕಿ ಇದ್ದೂ ಇಲ್ಲದ ಹಾಗೆ, ಅಲ್ವಾ? ಮೇಲೆ ನೀವಿರುತ್ತೀರಿ, ಮುಂದೆ ನೀವೂ ಕೆಳಗೆ ಬರುತ್ತೀರಿ, ಆದರೂ ಚಾವಣಿಗೆ ಬಿಸಿ ತಡೆಯುವ ಪದರ ಬಿಡಬೇಡಿ.

ಸೋಲಾರ್ ವಾಟರ್ ಹೀಟರ್ ಹಾಕಿಸುವುದಾದರೆ ಒಂದು ಎಚ್ಚರಿಕೆ. ಟ್ಯಾಂಕಿನ ನೀರು 60 ಡಿಗ್ರಿ ಸುಲಭವಾಗಿ ದಾಟುತ್ತದೆ, ರೋಗಾಣು ಬೆಳೆಯದಿರಲು ಅಷ್ಟು ಬಿಸಿ ಇರುವುದೇ ಒಳ್ಳೆಯದು. ಆದರೆ ಆ ಬಿಸಿಗೆ ಚರ್ಮ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ವಯಸ್ಸಾದವರಿಗೆ ಬಿಸಿ ಗೊತ್ತಾಗುವುದೂ ತಡ, ಹಿಂದೆ ಸರಿಯುವುದೂ ತಡ. ಸ್ನಾನದ ನಲ್ಲಿಗೆ ಬಿಸಿ ಮಿತಿ ಮಾಡುವ ಮಿಕ್ಸರ್ ವಾಲ್ವ್ ಹಾಕಿಸಿ, ಹೊರಗೆ ಬರುವ ನೀರು 43 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಲಿ.

ಪ್ಯಾನೆಲ್ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: 70ನೇ ವಯಸ್ಸಿನಲ್ಲಿ ಅದನ್ನು ಯಾರು ಹತ್ತಿ ಒರೆಸುತ್ತಾರೆ? ನೀರಿನ ಫಿಲ್ಟರ್, ಮೀಟರ್, ಮಳೆನೀರಿನ ಜಾಲರಿ ಎಲ್ಲವೂ ನಿಂತ ಕೈಗೆ ಸಿಗುವ ಎತ್ತರದಲ್ಲಿ ಇರಬೇಕು. ಏಣಿ ಬೇಕಾಗುವ ಹಸಿರು ಎರಡು ವರ್ಷಕ್ಕೆ ಒಣಗುತ್ತದೆ.

ಇನ್ನೂ ಒಂದು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 8 ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಮೇಲೆ ಮೇಸ್ತ್ರಿ ಸಾರ್ ಹೇಳಿದ ಹಾಗೆ ಒಡೆಯದೇ ಬದಲಾಯಿಸಲು ಬರುವ ಮನೆ ಕಟ್ಟಿದರೆ ನಿಮ್ಮ ಇಡೀ ಸೋಲಾರ್ ಉಳಿಸುವುದಕ್ಕೆ ಹತ್ತಿರ ಹತ್ತಿರ ಅಲ್ಲೇ ಉಳಿಯಬಹುದು. ಹತ್ತಿರ ಹತ್ತಿರ ಅಂದಿದ್ದೇನೆ, ಲೆಕ್ಕ ಕೇಳಬೇಡಿ, ಅದು ಮನೆಯಿಂದ ಮನೆಗೆ ಬೇರೆ.

---

ಕರಣೆ_ಮಟ್ಟಗೋಲು ಉತ್ತರ:

ಮೇಸ್ತ್ರಿ ಅಂದದ್ದಕ್ಕೆ ಬೇಜಾರಿಲ್ಲ ತಂಗಾಳಿಯವರೇ, ಶುರು ಮಾಡಿದ್ದು ಅಲ್ಲಿಂದಲೇ.

ಟೈಲ್ಸ್ ಬಗ್ಗೆ ಹೇಳಲು ಮರೆತೆ. ಅಂಗಡಿಯಲ್ಲಿ ಜಾರದಿರುವ ದರ್ಜೆ ಅಂತ ಆರ್10, ಆರ್11 ತೋರಿಸುತ್ತಾರೆ. ಅದು ಶೂ ಹಾಕಿಕೊಂಡು, ಎಣ್ಣೆ ಸುರಿದ ಹಲಗೆ ಮೇಲೆ ನಿಂತು ಮಾಡುವ ಪರೀಕ್ಷೆ. ಬಾತ್‌ರೂಮಿನಲ್ಲಿ ಯಾರು ಶೂ ಹಾಕುತ್ತಾರೆ? ಬರಿಗಾಲಿನ ಒದ್ದೆ ನೆಲಕ್ಕೆ ಎ, ಬಿ, ಸಿ ಅಂತ ಬೇರೆ ದರ್ಜೆ ಇದೆ. ಸ್ನಾನದ ಜಾಗಕ್ಕೆ ಬಿ ಕೇಳಿ. ಚಿಕ್ಕ ಟೈಲ್ಸ್ ಹಾಕಿದರೆ ಸಂದುಗಳೇ ಕಾಲಿಗೆ ಹಿಡಿತ ಕೊಡುತ್ತವೆ.

---

ಹೆಜ್ಜೆ_ಗೆಜ್ಜೆ ಉತ್ತರ:

ಸಂದು ಜಾಸ್ತಿಯಾದರೆ ಪಾಚಿ ಕಟ್ಟುತ್ತದೆ ಸಾರ್, ಆಮೇಲೆ ಅದೇ ಜಾರುತ್ತದೆ. ಉಜ್ಜಿ ತೊಳೆಯುವವರು ಯಾರು ಅನ್ನುವುದನ್ನೂ ನೋಡಬೇಕು. ತುಂಬಾ ಒರಟು ಟೈಲ್ಸ್ ಕೂಡ ಬೇಡ, ಕಾಲೆಳೆದು ನಡೆಯುವವರು ಅದಕ್ಕೇ ಎಡವುತ್ತಾರೆ. ಸಂದಿಗೆ ಎಪಾಕ್ಸಿ ಗ್ರೌಟ್, ಅಂದರೆ ನೀರು ಹೀರದ ಗಾರೆ, ಹಾಕಿದರೆ ನಿಮ್ಮ ಮಾತಿಗೆ ನಾನೂ ಸೈ.

ಮತ್ತೆ, ದಯವಿಟ್ಟು ಕಾಲೊರಸು ಮ್ಯಾಟ್ ಬೇಡ. ಎಷ್ಟೇ ಒಳ್ಳೆಯ ನೆಲ ಮಾಡಿ, ಅದರ ಮೇಲೊಂದು ಜಾರುವ ಬಟ್ಟೆ ತುಂಡು ಹಾಸಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೂ ಅಲ್ಲ, ಬಾಗಿಲು ನಾವೇ ತೆರೆದು ಕರೆದ ಹಾಗೆ.

---

ಮೂಲೆಸೈಟು ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಸೀಮೆಸುಣ್ಣದ ಕೆಲಸ ಮಾಡಿದೆವು. ಸೈಟಿನ ಎದುರಿನ ರಸ್ತೆಯಲ್ಲಿ, ಬೆಳಿಗ್ಗೆ ಆರಕ್ಕೇ, ಗಾಡಿ ಓಡಾಡುವ ಮೊದಲು. ತಮ್ಮನೂ ಬಂದಿದ್ದ, ನಗುವುದಕ್ಕೆ ಅಂತಲೇ.

ಮೊದಲನೇ ಸಲಕ್ಕೇ ಗೊತ್ತಾದದ್ದು, ನಕ್ಷೆಯಲ್ಲಿ ಬಾತ್‌ರೂಮಿನ ಬಾಗಿಲು ಒಳಗೆ ತೆರೆಯುತ್ತದೆ, ತೆರೆದರೆ ಕಮೋಡಿನ ಮುಂದೆ ಅಪ್ಪ ನಿಲ್ಲಲು ಜಾಗವೇ ಇಲ್ಲ. ಅಪ್ಪ ಕಮಾನಿನ ಗೆರೆ ನೋಡಿ ನಿಂತರು, ಕೋಲನ್ನು ಒಂದು ಕಡೆ ಇಟ್ಟರು, ಇನ್ನೊಂದು ಕಡೆ ಇಟ್ಟರು, ಆಮೇಲೆ ಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಹೊರಗೆ ಬಂದರು. "ಇಲ್ಲಿ ತಿರುಗಲಿಕ್ಕಾಗಲ್ಲ" ಅಂದರು, ಅಷ್ಟೇ. ಮುಕ್ಕಾಲು ಮೀಟರಿನ ಹಗ್ಗ ಹಿಡಿದು ಒಂದೂವರೆ ಮೀಟರ್ ಅಗಲದ ವೃತ್ತ ಎಳೆದು ನೋಡಿದೆವು, ಗಾಲಿಕುರ್ಚಿ ತಿರುಗಲು ಬೇಕಾದಷ್ಟು. ಅರ್ಧ ವೃತ್ತ ಗೋಡೆಯಾಚೆ ಹೋಯಿತು. ಈಗ ಪಕ್ಕದ ಬಟ್ಟೆ ಕಪಾಟನ್ನು ತೆಗೆದು ಬಾತ್‌ರೂಮಿಗೆ ಸೇರಿಸುತ್ತಿದ್ದೇವೆ, ಬಾಗಿಲು ಸರಿಯುವಂಥದ್ದು ಹಾಕುತ್ತೇವೆ.

ಅಟ್ಟದಮನೆಯವರು ಹೇಳಿದ್ದನ್ನು ಓದಿ ಅಪ್ಪನನ್ನು ಕೇಳಿದೆ, ರೂಮು ಹಿಂದೆ ಬೇಕಾ ಮುಂದೆ ಬೇಕಾ ಅಂತ. ನನ್ನನ್ನು ಇಷ್ಟು ದಿನ ಯಾಕೆ ಕೇಳಲಿಲ್ಲ ಅನ್ನುವ ಮುಖ ಮಾಡಿ "ಮುಂದೆ" ಅಂದರು. ಅದೃಷ್ಟಕ್ಕೆ ಮುಂಭಾಗ ಮೂಡಣ, ಸಂಜೆ ಬಿಸಿಲಿನ ಕಾಟ ಇಲ್ಲ. ರ‍್ಯಾಂಪು ಹೋಯಿತು, ಪಕ್ಕದ ಓಣಿಯಿಂದ ಏರುವ ದಾರಿ ಬಂತು. ಲಿಫ್ಟಿಗೆ ಜಾಗ ಮಾತ್ರ. ಪ್ಯಾನೆಲ್ ಮುಂದಿನ ಮಾತು, ಪೈಪು ಮತ್ತು ವೈರಿಗೆ ದಾರಿ ಬಿಟ್ಟಿರುತ್ತೇವೆ. ತಮ್ಮ ಇದಕ್ಕೆ ಒಪ್ಪಿದ, ಗೆದ್ದವನ ಹಾಗೆ ಒಪ್ಪಿದ, ಇರಲಿ.

ಅಮ್ಮ ಕುರ್ಚಿಯ ಪಕ್ಕ ನಿಂತು "ಹಿಡಿಕೆ ಇಲ್ಲಿ ಬೇಡ, ಇಲ್ಲಿ" ಅಂತ ತಾವೇ ಗುರುತು ಹಾಕಿದರು. ಯಾಕೆ ಅಂತ ಕೇಳಿದರೆ, ರಾತ್ರಿ ಅಪ್ಪ ಏಳುವಾಗ ಕೈ ಚಾಚುವುದು ಅಲ್ಲಿಗೇ, ಇಷ್ಟು ದಿನ ಅಲ್ಲಿ ತಮ್ಮ ಹೆಗಲು ಇರುತ್ತಿತ್ತು ಅಂದರು. ಅಳತೆ ತೆಗೆದುಕೊಂಡೆ, 860 ಮಿಮೀ. ಕಾಂಕ್ರೀಟ್ ಪಟ್ಟಿ ಅಲ್ಲಿ ಬರುತ್ತದೆ.

ಸೀಮೆಸುಣ್ಣ ಇನ್ನೂ ಅಮ್ಮನ ಕೈಯಲ್ಲೇ ಇದೆ, ಅಡುಗೆಮನೆ ಬರೆಯಲು ಶುರು ಮಾಡಿದ್ದಾರೆ. ಕಟ್ಟೆಯ ಎತ್ತರದ ಬಗ್ಗೆ ನಮ್ಮಿಬ್ಬರಿಗೂ ಆಗಲೇ ಜಗಳ ಹತ್ತಿದೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.